ಅಂಗಳದ ಕೆಳಗಿನ ಮೀಥೇನ್: ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿನ ಲೆಕ್ಕ

ಉಡುಪಿ ಸುತ್ತಮುತ್ತ ಮನೆಗಳ ನಕ್ಷೆ ಮಾಡಿ ಕಟ್ಟಿಸುವುದು ನನ್ನ ಕೆಲಸ. ಸೆಪ್ಟಿಕ್ ಟ್ಯಾಂಕಿಗೆ ಜಾಗ ಗುರುತಿಸುವಾಗ ಬಾವಿಯಿಂದ ಎಷ್ಟು ದೂರ, ಹೂಳು ಎಳೆಯುವ ಗಾಡಿ ಬರಲು ದಾರಿ ಉಂಟಾ ಅಂತ ನೋಡುತ್ತೇವೆ. ಅದರ ಗಾಳಿ ಪೈಪಿನಿಂದ ಹಗಲು ರಾತ್ರಿ ಏನು ಹೊರಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಪರ್ಕಳದ ನಮ್ಮ ಸ್ವಂತ ಮನೆಗೆ ಆ ಲೆಕ್ಕ ಹಾಕಿ ನೋಡಿದೆ. ಬಂದ ಉತ್ತರ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಹೊರಗೆ ಹೋಗುವುದರಲ್ಲಿ ಮುಖ್ಯವಾದದ್ದು ಮೀಥೇನ್. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಅದೇ. ಗಾಳಿಯಾಡದ ಜಾಗದಲ್ಲಿ ಕೊಳೆ ನಿಂತರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಬಿಡುತ್ತವೆ. ಟ್ಯಾಂಕಿನಿಂದ ಬರುವ ನಾತ ಬೇರೆ ಅನಿಲಗಳದ್ದು. ಮೀಥೇನ್‌ಗೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ನಾತ ಬಾರದಿದ್ದರೆ ಏನೂ ಬರುತ್ತಿಲ್ಲ ಅಂತ ಅಲ್ಲ. ಚಳಿ ದೇಶಗಳಲ್ಲಿ 15 ಡಿಗ್ರಿಗಿಂತ ಕೆಳಗೆ ಹೋದರೆ ಈ ಜೀವಿಗಳ ಕೆಲಸ ತುಂಬಾ ನಿಧಾನವಾಗುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ಚಳಿ ಯಾವಾಗ ಇತ್ತು? ಇಲ್ಲಿ ಹನ್ನೆರಡು ತಿಂಗಳೂ ಕೆಲಸ ನಡೆಯುತ್ತದೆ.

ಲೆಕ್ಕ ಕಷ್ಟದ್ದಲ್ಲ. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿ 2006ರಲ್ಲಿ ಕೊಟ್ಟ ಕ್ರಮವನ್ನೇ ಹಿಡಿದೆ. ನೀರಿನಲ್ಲಿರುವ ಕೊಳೆಯನ್ನು ಬಿಒಡಿ ಅಂತ ಅಳೆಯುತ್ತಾರೆ, ಅಂದರೆ ಸೂಕ್ಷ್ಮಜೀವಿಗಳು ಆ ಕೊಳೆಯನ್ನು ಕೊಳೆಸಲು ಬೇಕಾಗುವ ಆಮ್ಲಜನಕ. ಭಾರತದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 34 ಗ್ರಾಂ ಅಂತ ಅದರಲ್ಲಿ ಕೊಟ್ಟಿದ್ದಾರೆ. ವರ್ಷಕ್ಕೆ ಸುಮಾರು 12.4 ಕಿಲೋ. ಒಂದು ಕಿಲೋ ಬಿಒಡಿಯಿಂದ ಹೆಚ್ಚೆಂದರೆ 0.6 ಕಿಲೋ ಮೀಥೇನ್ ಹುಟ್ಟಬಹುದು. ಸೆಪ್ಟಿಕ್ ಟ್ಯಾಂಕಿನಲ್ಲಿ ಅದರ ಅರ್ಧ ಹುಟ್ಟುತ್ತದೆ ಅಂತ ಹಿಡಿಯುತ್ತಾರೆ. ಅಲ್ಲಿಗೆ ತಲೆಗೆ ವರ್ಷಕ್ಕೆ 3.7 ಕಿಲೋ. ನಾವು ಮನೆಯಲ್ಲಿ ಐದು ಜನ. ಒಟ್ಟು ಸುಮಾರು 18.6 ಕಿಲೋ ಮೀಥೇನ್.

ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 27 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇಪ್ಪತ್ತೇ ವರ್ಷ ನೋಡಿದರೆ ಸುಮಾರು 80 ಪಟ್ಟು. 27ರಿಂದ ಗುಣಿಸಿದರೂ ನಮ್ಮ ಟ್ಯಾಂಕಿನದು 500 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಈಗ ಅಡುಗೆ ಗ್ಯಾಸ್ ನೋಡಿ. 14.2 ಕಿಲೋದ ಒಂದು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ನಮ್ಮ ಅಂಗಳದ ಕೆಳಗೆ ತಿಂಗಳಿಗೊಂದು ಸಿಲಿಂಡರ್ ಉರಿದ ಹಾಗೆ. ಅಡುಗೆಗೂ ನಮಗೆ ಹೆಚ್ಚು ಕಡಿಮೆ ಅಷ್ಟೇ ಬೇಕಾಗುವುದು. ಗ್ಯಾಸ್ ಉಳಿಸಲು ಕುಕ್ಕರ್ ಇಡುತ್ತೇವೆ, ಉರಿ ಸಣ್ಣ ಮಾಡುತ್ತೇವೆ. ಟ್ಯಾಂಕಿನ ಕಡೆ ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ.

ಮೊದಲು ಹಿಡಿದದ್ದು ಅಡುಗೆಮನೆ ಸಿಂಕ್. ನಮ್ಮದು ಕುಚ್ಚಲಕ್ಕಿ ಊಟ. ಅಕ್ಕಿ ತೊಳೆದ ಅಕ್ಕಚ್ಚು, ಅನ್ನ ಬಸಿದ ತಿಳಿ, ಎಲ್ಲ ದಿನಾ ಸಿಂಕಿಗೆ ಸುರಿಯುತ್ತಿದ್ದೆವು. ಗಂಜಿ ತಿಳಿಯಲ್ಲಿ ಕರಗಿರುವುದು ಬಹುಪಾಲು ಪಿಷ್ಟ. ಟ್ಯಾಂಕಿನೊಳಗಿನ ಜೀವಿಗಳಿಗೆ ಅದಕ್ಕಿಂತ ಒಳ್ಳೆಯ ಆಹಾರ ಬೇಕಾ? ಇದನ್ನು ಅತ್ತೆಗೆ ಹೇಳಿದಾಗ, "ಹಟ್ಟಿಯಲ್ಲಿ ದನ ಇರುವಾಗ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ ಮಾರಾಯ್ತಿ" ಅಂದರು. ಈಗ ಪಕ್ಕದ ಮನೆಯವರ ಹಟ್ಟಿಗೆ ದಿನಾ ಒಂದು ಬಕೆಟ್ ಹೋಗುತ್ತದೆ. ಅವರಿಗೂ ಖುಷಿ. ದನ ಇಲ್ಲದ ಕಡೆ ನೀರು ಬೆರೆಸಿ ಗಿಡಗಳ ಬುಡಕ್ಕೆ ಹಾಕಬಹುದು, ಒಂದೇ ಕಡೆ ನಿಲ್ಲಬಾರದು ಅಷ್ಟೆ. ಮೀನು ಹುರಿದ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ತೆಗೆಯುತ್ತೇವೆ.

ಎರಡನೆಯದು ಬಚ್ಚಲ ನೀರು. ಸ್ನಾನದ್ದು, ಬಟ್ಟೆ ಒಗೆದದ್ದು ಎಲ್ಲ ಟ್ಯಾಂಕಿಗೇ ಹೋಗುತ್ತಿತ್ತು. ಬೇರೆ ಪೈಪ್ ಹಾಕಿಸಿ ಬಾಳೆ, ತೆಂಗಿನ ಕಟ್ಟೆಗಳಿಗೆ ತಿರುಗಿಸಿದೆ. ಕಟ್ಟೆಯಲ್ಲಿ ತೆಂಗಿನ ಸಿಪ್ಪೆ ತುಂಬಿಸಿದ್ದೇನೆ. ನೀರು ಸಿಪ್ಪೆಯ ನಡುವೆ ಹರಡಿ ಇಂಗುತ್ತದೆ, ಗಾಳಿ ಸಿಗುತ್ತದೆ. ಗಾಳಿ ಸಿಕ್ಕಿದ ಕಡೆ ಮೀಥೇನ್ ಹುಟ್ಟುವುದಿಲ್ಲ. ಒಂದು ವಾಲ್ವ್ ಇಟ್ಟು ಈ ವಾರ ಒಂದು ಕಟ್ಟೆ, ಮುಂದಿನ ವಾರ ಇನ್ನೊಂದು ಅಂತ ಬದಲಿಸಬೇಕು. ಹೊಂಡದ ಹಾಗೆ ನೀರು ನಿಂತರೆ ಟ್ಯಾಂಕಿನ ತೊಂದರೆಯೇ ತೋಟಕ್ಕೆ ಬರುತ್ತದೆ, ಸೊಳ್ಳೆ ಬೇರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೆಲ ನೀರು ಕುಡಿಯುವುದಿಲ್ಲ. ಆಗ ಬೇರೆ ಇಂಗುಗುಂಡಿಗೆ ಬಿಡುತ್ತೇವೆ. ಟ್ಯಾಂಕಿಗೆ ಹೋಗುವ ಕೊಳೆ ಮೂರನೇ ಒಂದು ಪಾಲು ಕಡಿಮೆಯಾದರೂ ವರ್ಷಕ್ಕೆ ನಾಲ್ಕು ಸಿಲಿಂಡರಿನಷ್ಟು ಇಳಿಯಿತು, ಅಲ್ವಾ?

ಮೂರನೆಯದು ಟ್ಯಾಂಕಿನ ತಳದಲ್ಲಿ ನಿಂತು ಕೊಳೆಯುತ್ತಲೇ ಇರುವ ಹೂಳು. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು ಅಂತ ನಿಯಮ. ನಮ್ಮಲ್ಲಿ ಟ್ಯಾಂಕ್ ತುಂಬಿ ಉಕ್ಕುವ ತನಕ ಯಾರೂ ತೆಗೆಸುವುದಿಲ್ಲ. ಕಟ್ಟಿದ ಮೇಲೆ ಮುಚ್ಚಳವನ್ನೇ ತೆರೆಯದ ಎಷ್ಟೋ ಮನೆ ನೋಡಿದ್ದೇನೆ. ಮುಚ್ಚಳದ ಮೇಲೆ ಇಂಟರ್‌ಲಾಕ್ ಹಾಕಿಸಿದವರೂ ಇದ್ದಾರೆ. ಹೂಳು ಎಷ್ಟಿದೆ ಅಂತ ನೋಡಲು ಉದ್ದ ಕೋಲಿಗೆ ಹಳೆಯ ಬಿಳಿ ಬೈರಾಸು ಸುತ್ತಿ ತಳದ ತನಕ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆ ತೆಗೆಯಬೇಕು. ಹೂಳು ಇದ್ದಷ್ಟು ಎತ್ತರಕ್ಕೆ ಬಟ್ಟೆ ಕಪ್ಪಾಗಿರುತ್ತದೆ. ನೀರಿನ ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ಗಾಡಿ ಕರೆಸಬೇಕು. ಪತ್ತನಾಜೆಗಿಂತ (ಮೇ ಕೊನೆಯ ವಾರ) ಮೊದಲೇ ಕರೆಸಿ. ಮಳೆ ಹಿಡಿದ ಮೇಲೆ ಖಾಲಿ ಟ್ಯಾಂಕಿನ ಕೆಳಗಿನಿಂದ ನೀರು ಒತ್ತುತ್ತದೆ, ಹಗುರದ ಟ್ಯಾಂಕ್ ಮೇಲಕ್ಕೇ ಏಳಬಹುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮುಚ್ಚಳ ತೆರೆದಾಗ ಬಗ್ಗಿ ನೋಡಬೇಡಿ, ಹತ್ತಿರ ಬೆಂಕಿ, ಬೀಡಿ ಬೇಡ. ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅಪರಾಧ. "ಸ್ವಲ್ಪ ಉಳಿದಿದೆ, ಇಳಿದು ತೆಗೆಯಲಿ" ಅನ್ನುವ ಮನೆಯವರನ್ನು ನಾನು ಕಂಡಿದ್ದೇನೆ. ಆ ಸ್ವಲ್ಪ ಹೂಳು ಉಳಿದರೆ ಏನೂ ನಷ್ಟ ಇಲ್ಲ.

ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಅಂತ ಗಾಡಿಯವರನ್ನು ಕೇಳಿ. ತೋಡಿಗೆ ಸುರಿದರೆ ಮೀಥೇನ್ ನಮ್ಮ ಅಂಗಳದ ಬದಲು ಅಲ್ಲಿ ಹುಟ್ಟುತ್ತದೆ, ಜೊತೆಗೆ ಕೆಳಗಿನವರ ಬಾವಿಯೂ ಹಾಳು. ಉಡುಪಿಗೆ ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಇದೆ. ಆದರೆ ಒಳಚರಂಡಿ ಎಲ್ಲ ಮನೆಗಳಿಗೆ ಮುಟ್ಟಿಲ್ಲ. ಹಾಗಾಗಿ ಈ ಪ್ರಶ್ನೆ ಇನ್ನೂ ಬಹಳ ಕಾಲ ನಮ್ಮ ತಲೆಯ ಮೇಲೇ ಇರುತ್ತದೆ.

ಸೆಪ್ಟಿಕ್ ಟ್ಯಾಂಕಿನ ಬದಲು ತಳ ಇಲ್ಲದ ಸಿಮೆಂಟ್ ರಿಂಗ್ ಗುಂಡಿ ಇರುವ ಮನೆಗಳ ವಿಷಯ ನನಗೆ ಜಾಸ್ತಿ ಚಿಂತೆ. ಸಮುದ್ರದ ಹತ್ತಿರದ ನನ್ನ ತವರಿನಲ್ಲಿ ಅಂಥದ್ದೇ ಇದೆ. ಐಪಿಸಿಸಿ ಲೆಕ್ಕದಲ್ಲಿ ಒಣ ಪ್ರದೇಶದ, ಅಂತರ್ಜಲ ಕೆಳಗಿರುವ ಸಣ್ಣ ಕುಟುಂಬದ ಗುಂಡಿಗೆ 0.1 ಹಿಡಿದರೆ ಸಾಕು, ಅಂದರೆ ಹೆಚ್ಚೆಂದರೆ ಹುಟ್ಟಬಹುದಾದ ಮೀಥೇನಿನ ಹತ್ತನೇ ಒಂದು ಪಾಲು. ಅದೇ ಗುಂಡಿಯಲ್ಲಿ ನೀರಿನ ಮಟ್ಟ ಮೇಲೆ ಬಂದರೆ 0.7. ಸೆಪ್ಟಿಕ್ ಟ್ಯಾಂಕಿನ 0.5ಕ್ಕಿಂತಲೂ ಜಾಸ್ತಿ. ಮಳೆಗಾಲದಲ್ಲಿ ಕೈ ಬಗ್ಗಿಸಿ ಬಾವಿಯಿಂದ ನೀರು ತೆಗೆಯುವ ಊರಲ್ಲಿ ಗುಂಡಿ ಒಣಗಿರುತ್ತದಾ? ಬಾವಿಗೂ ಅದೇ ನೀರು. ಇಲ್ಲಿ ಬಾಳೆ ಕಟ್ಟೆ, ಬಕೆಟ್ ಸಾಲುವುದಿಲ್ಲ. ತಳ ಗಟ್ಟಿ ಇರುವ, ನೀರು ಸೋರದ ಟ್ಯಾಂಕೇ ಬೇಕು, ಅಥವಾ ಒಳಚರಂಡಿ ಬರಬೇಕು. ಅಣ್ಣನ ಹತ್ತಿರ ಮಾತಾಡಿ ಒಪ್ಪಿಸಿದ್ದೇನೆ. ಈ ಬೇಸಿಗೆಯಲ್ಲಿ ಕೆಲಸ ಶುರು.

ಮಂಗಳೂರಿನ ಫ್ಲ್ಯಾಟ್‌ಗಳವರು ನಮಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಉಂಟು ಅನ್ನುತ್ತಾರೆ. ಚೆನ್ನಾಗಿ ನಡೆದರೆ ಮೀಥೇನ್ ಬಹುತೇಕ ಇಲ್ಲ. ಆದರೆ ಕರೆಂಟ್ ಬಿಲ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ಆಫ್ ಮಾಡಿದರೆ ಗಾಳಿ ಸಿಗದೆ ಅದೂ ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕೇ ಆಗುತ್ತದೆ. ಮುಂದಿನ ಮೀಟಿಂಗಿನಲ್ಲಿ ಬ್ಲೋವರ್ ಎಷ್ಟು ಗಂಟೆ ಓಡುತ್ತದೆ ಅಂತ ಕೇಳಿ ನೋಡಿ.

ಈಗ ನಾನು ಮಾಡುವ ಎಲ್ಲ ನಕ್ಷೆಯಲ್ಲೂ ಬಚ್ಚಲ ನೀರಿಗೆ ಬೇರೆ ಪೈಪ್, ಕೈಗೆ ಸಿಗುವ ಮುಚ್ಚಳ ಇರುತ್ತದೆ. ಕಟ್ಟುವಾಗಲೇ ಹಾಕಿದರೆ ಕೆಲವು ಪೈಪಿನ ಖರ್ಚು ಮಾತ್ರ. ಆಮೇಲೆ ಹಾಕಬೇಕಾದರೆ ಟೈಲ್ಸ್ ಒಡೆಯಬೇಕು. ಮನೆ ಕಟ್ಟಿಸುತ್ತಿದ್ದರೆ ಪ್ಲಂಬರ್ ಗೋಡೆ ಕೊರೆಯುವ ಮೊದಲೇ ಹೇಳಿಬಿಡಿ.