ಗುಳುಮುಳುಕ ಬಂದರೆ ಮಾತ್ರ ನಂಬುತ್ತೇನೆ

ಕೊಳಚೆ ಹೀರುವ ಗಿಡಗಳನ್ನು ಹೊತ್ತು ಕೆರೆಯಲ್ಲಿ ತೇಲುವ ಪೈಪಿನ ತೆಪ್ಪದ ಮೇಲೆ ಹಕ್ಕಿ ಗೂಡು ಕಟ್ಟುವುದಿಲ್ಲ ಎಂದವರಲ್ಲಿ ಹಕ್ಕಿ ಬಲ್ಲವರೇ ಹೆಚ್ಚು. ಕಳೆದ ಚಳಿಗಾಲ ನಮ್ಮ ತೆಪ್ಪಗಳಲ್ಲಿ ಗುಳುಮುಳುಕ ಎಂಬ ಪುಟ್ಟ ಮುಳುಗುಹಕ್ಕಿ ಮರಿ ಮಾಡಿದ ಮೇಲೆ ಅವರೇ ಕ್ಯಾಮೆರಾ ಹಿಡಿದು ಬರುತ್ತಿದ್ದಾರೆ. ಬರಲಿ, ಆದರೆ ಏರಿಯ ಮೇಲೇ ನಿಲ್ಲಲಿ.

ಬೆಂಗಳೂರಿನ ಹೆಬ್ಬಾಳ ಕಣಿವೆಯ ನೀರು ರಾಜಕಾಲುವೆ ಹಿಡಿದು ಕೆರೆಯಿಂದ ಕೆರೆಗೆ ಇಳಿದು ಕೊನೆಗೆ ದಕ್ಷಿಣ ಪಿನಾಕಿನಿ ಸೇರುತ್ತದೆ. ನಮ್ಮದು ಆ ದಾರಿಯ ಒಂದು ಸಣ್ಣ ಕೆರೆ. ಹೂಳು ತೆಗೆದು, ಬೇಲಿ ಹಾಕಿ, ನಡಿಗೆಪಥ ಮಾಡಿದ ಮೇಲೂ ಕಾಲುವೆಯಲ್ಲಿ ಕೊಳಚೆ ಬರುತ್ತಲೇ ಇತ್ತು. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಹಿಂಡುಗಟ್ಟಿ ಬಂದಾಗ ‘ಕೆರೆಗೆ ಜೀವ ಬಂತು’ ಎಂದು ಸಂಭ್ರಮಪಟ್ಟವರು ಬಹಳ. ಕೊಳಚೆಯ ಹುಳುಗಳೇ ಅವಕ್ಕೆ ಹಬ್ಬದೂಟ. ನಾನು ಲೆಕ್ಕಕ್ಕೆ ಹಿಡಿಯುವುದು ನೋಡಿ ಬೇಟೆಯಾಡುವ ಮುಳುಗುಹಕ್ಕಿಗಳನ್ನು: ಗುಳುಮುಳುಕ, ನೀರುಕಾಗೆ, ಗಾಳಿಯಲ್ಲೇ ನಿಂತು ಗುರಿಯಿಟ್ಟು ಧುಮುಕುವ ಕಪ್ಪುಬಿಳಿ ಮಿಂಚುಳ್ಳಿ. ನೀರು ರಾಡಿಯಾದರೆ ಇವಕ್ಕೆ ಊಟ ಕಷ್ಟ.

ಬೆಂಗಳೂರಿನದೇ ಜಕ್ಕೂರು ಕೆರೆಯ ಹಾಗೆ ಮಾಡಿ ಎಂದು ಸಲಹೆ ಕೊಟ್ಟವರಿದ್ದಾರೆ. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರಿನ ಶುದ್ಧೀಕರಣ ಘಟಕ ಕಟ್ಟಿದರು, ಅದರಿಂದಾಚೆ ಜೌಗುಭೂಮಿಯೂ ಇದೆ. ನಮಗೆ ಗಾಡಿ ನಿಲ್ಲಿಸಲೂ ಜಾಗವಿಲ್ಲ. ಹಾಗಾಗಿ ಕಾಲುವೆ ಬಾಯಲ್ಲೇ ತೆಪ್ಪ.

ಥರ್ಮೋಕೋಲಿನ ತೆಪ್ಪ ಬಿಸಿಲಿಗೆ ಪುಡಿಯಾಯಿತು. ಆ ಬಿಳಿ ಕಾಳುಗಳನ್ನು ಬಲೆಯಿಂದ ಎತ್ತಿಸಿದ ಕೂಲಿ ತೆಪ್ಪದ ಬೆಲೆಯನ್ನೇ ಮೀರಿತು. ಬರೀ ಬಿದಿರಿನದು ಒಂದೇ ಮಳೆಗಾಲಕ್ಕೆ ನೀರು ಕುಡಿದು ಮುಳುಗಿತು. ಖಾಲಿ ಬಾಟಲಿಗಳದ್ದು ಸೊಗಸಾಗಿ ತೇಲಿತು, ಯಾರೋ ರಾತ್ರೋರಾತ್ರಿ ಬಿಚ್ಚಿ ಗುಜರಿಗೆ ಹಾಕಿದರು. ಈಗಿನದು ನಾಲ್ಕು ಇಂಚಿನ ಪಿವಿಸಿ ಚೌಕಟ್ಟು, ಬಿದಿರಿನ ತಟ್ಟಿ, ತೆಂಗಿನ ನಾರಿನ ಚಾಪೆ. ಒಂದಕ್ಕೆ ಹೆಚ್ಚುಕಡಿಮೆ 3,500 ರೂಪಾಯಿ. ಒಟ್ಟು ಒಂದೂವರೆ ಲಕ್ಷದ ಆಸುಪಾಸು. ಅರ್ಧ ಸುತ್ತಲಿನ ಅಪಾರ್ಟ್‌ಮೆಂಟಿನವರದು, ಉಳಿದರ್ಧದ ವಿಷಯ ನನ್ನ ಮನೆಯಲ್ಲಿ ಗೊತ್ತಿಲ್ಲ.

ಗಿಡಗಳಲ್ಲಿ ಕಾಬಾಳೆ, ಲಾವಂಚ, ಜೇಕು ಒಗ್ಗಿದವು. ಜೊಂಡಿನಂಥ ಆಪು ಎತ್ತರ ಬೆಳೆದು ಗಾಳಿಗೆ ತೆಪ್ಪವನ್ನೇ ಮಗುಚಿತು. ನೆಡುವುದಕ್ಕಿಂತ ಕೊಯ್ಯುವುದೇ ದೊಡ್ಡ ಕೆಲಸ. ಬೇರು ಹೀರಿದ ಸಾರಜನಕ, ರಂಜಕ ಎಲೆಯಲ್ಲಿರುತ್ತವೆ. ಕೊಯ್ದು ಹೊರಗೆ ಸಾಗಿಸದಿದ್ದರೆ ಕೊಳೆತು ಮತ್ತೆ ನೀರಿಗೇ ಬರುತ್ತವೆ. ನಾವು ಎರಡು ತಿಂಗಳಿಗೊಮ್ಮೆ ಕೊಯ್ಯುತ್ತೇವೆ, ಗೂಡಿರುವ ತೆಪ್ಪವನ್ನು ಮಾತ್ರ ಮುಟ್ಟುವುದಿಲ್ಲ.

ಒಂದು ಮಳೆಗೆ ಕಾಲುವೆ ಉಕ್ಕಿ ತೆಪ್ಪಗಳೆಲ್ಲ ಕೋಡಿಯಲ್ಲಿ ರಾಶಿ ಬಿದ್ದಿದ್ದವು. ಈಗ ಒಂದೂ ಕದಲುವುದಿಲ್ಲ. ಲಂಗರಿನ ಗುಟ್ಟನ್ನು ಬರೆಯುವುದಿಲ್ಲ. ಬಂದು ಕೆಸರಿಗಿಳಿದವರಿಗೆ ತೋರಿಸುತ್ತೇನೆ.

ಗುಳುಮುಳುಕದ ಗೂಡೆಂದರೆ ಒದ್ದೆ ಕಳೆಯ ಗುಪ್ಪೆ, ಅಷ್ಟೇ. ಹಕ್ಕಿ ಎದ್ದು ಹೋಗುವಾಗ ಕೊಕ್ಕಿನಿಂದ ಹಸಿ ಕಳೆ ಎಳೆದು ಮೊಟ್ಟೆ ಮುಚ್ಚುತ್ತದೆ. ನಮ್ಮ ಹುಡುಗನೊಬ್ಬ ಅದನ್ನು ಕಸವೆಂದು ಎತ್ತಲು ಹೋಗಿದ್ದ, ಕೂಗಿ ನಿಲ್ಲಿಸಿದೆ. ಮರಿಗಳಿಗೆ ಮುಖದ ತುಂಬ ಪಟ್ಟೆ, ಸವಾರಿ ಅಮ್ಮನ ಬೆನ್ನ ಮೇಲೆ.

ಪಕ್ಕದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು: ಆಳವಿಲ್ಲದ ಕಡೆ ಒಣಬಿದಿರಿನ ಗೂಟಗಳು. ಮಿಂಚುಳ್ಳಿ ಒಂದು ವಾರದಲ್ಲೇ ಕೂತಿತು, ನೀರುಕಾಗೆಗಳೂ ರೆಕ್ಕೆ ಒಣಗಿಸಲು ಬಂದವು. ಖರ್ಚು ಬರೀ ಚಹಾದ್ದು. ಮೈನಾಗಳಿಗೆಂದು ಕಟ್ಟಿದ ಮಡಕೆಗಳಲ್ಲಿ ಮಾತ್ರ ಕಣಜಗಳು ಸಂಸಾರ ಹೂಡಿವೆ. ಸೊಳ್ಳೆಗೆ ಮದ್ದೆಂದು ಗಂಬೂಸಿಯಾ ಮೀನನ್ನು ಬಿಟ್ಟಿ ಕೊಡಲು ಬಂದವರನ್ನು ವಾಪಸು ಕಳಿಸಿದೆ. ಕಪ್ಪೆಯ ಗೊದಮೊಟ್ಟೆಗಳನ್ನೂ ಅದು ಬಿಡುವುದಿಲ್ಲ.

ಸದ್ಯದ ತಲೆನೋವು ಆಫ್ರಿಕನ್ ಕ್ಯಾಟ್‌ಫಿಶ್. ಸಾಕಬಾರದೆಂಬ ನಿಷೇಧವಿದ್ದರೂ ಯಾರೋ ತಂದು ಬಿಟ್ಟಿದ್ದಾರೆ. ಗುಳುಮುಳುಕ ತಿನ್ನಬೇಕಾದ ಮರಿಮೀನನ್ನು ಅದು ನುಂಗುತ್ತಿದೆ. ಬಲೆ ಹಾಕಿಸಲು ಮೀನುಗಾರರು ಹದಿನೈದು ಸಾವಿರ ಕೇಳಿದ್ದಾರೆ, ನಾನು ಎಂಟಕ್ಕೆ ನಿಂತಿದ್ದೇನೆ.