ಕೈ ಚಾಚಿದಾಗ ತೆಗೆಯಬೇಕಾದ ಅಳತೆ

ನಾನು ಬ್ಲೌಸ್, ಚೂಡಿದಾರ್ ಹೊಲಿಯುವವಳು. ಒಂದು ದಿನ ನಮ್ಮ ಚರ್ಚಿನ ಫಾದರ್ ಹಸಿರು ಚಾಸುಬಲ್, ಅಂದರೆ ಪೂಜೆಯಲ್ಲಿ ಗುರುಗಳು ಎಲ್ಲದರ ಮೇಲೆ ಹಾಕುವ ಸಡಿಲ ಮೇಲುಡುಪು, ಹೊಲಿದು ಕೊಡಿ ಅಂದರು. ಅಲ್ಲಿಯವರೆಗೆ ನನಗೆ ಅದು ಬರೀ ‘ಪೂಜೆ ಬಟ್ಟೆ’. ಚಿಕ್ಕಪೇಟೆಯಿಂದ ದಪ್ಪ ಬಟ್ಟೆ ತಂದೆ, ಗಟ್ಟಿ ಲೈನಿಂಗ್ ಕೊಟ್ಟೆ. ಫಾದರ್ ಕೈ ಇಳಿಬಿಟ್ಟು ನಿಂತಾಗಲೇ ಅಳತೆ ತೆಗೆದಿದ್ದೆ. ಭಾನುವಾರ ಅವರು ಪ್ರಾರ್ಥನೆಗೆ ಕೈ ಚಾಚಿದರೆ ಬಟ್ಟೆ ಮೊಣಕೈಗೆ ಬಿಗಿಯಿತು. ಮುಂಭಾಗ ಮೇಲೆದ್ದು ಒಳಗಿನ ಆಲ್ಬ್ ಅನ್ನುವ ಬಿಳಿ ನಿಲುವಂಗಿ ಮಂಡಿಯವರೆಗೂ ಕಾಣಿಸಿತು. ಪೂಜೆ ಮುಗಿಯುವವರೆಗೆ ನನಗೆ ಸಂಕಟ.

ಫಾದರ್ ಬೈಯಲಿಲ್ಲ, ಹೆಸರಿನ ಅರ್ಥ ಹೇಳಿದರು. ಲ್ಯಾಟಿನ್‌ನಲ್ಲಿ ‘ಕಾಸುಲಾ’ ಅಂದರೆ ಪುಟ್ಟ ಮನೆ. ಮೈಯನ್ನು ಸುತ್ತಲೂ ಮುಚ್ಚುತ್ತಿದ್ದ ಹಳೇ ಕಾಲದ ಮೇಲುಡುಪು, ತಲೆ ತೂರಿಸಲು ಮಧ್ಯೆ ಒಂದು ತೂತು. ಆಮೇಲಿನ ಶತಮಾನಗಳಲ್ಲಿ ಕಸೂತಿಯಿಂದ ಭಾರವಾಗಿ, ಕೈ ಆಡಿಸಲು ಪಕ್ಕಗಳನ್ನು ಕತ್ತರಿಸುತ್ತಾ ಬಂದರಂತೆ. ನಾನು ಭುಜಕ್ಕೆ ತಕ್ಕ ಹಾಗೆ ಕತ್ತರಿಸಿದ್ದೇ ತಪ್ಪು ಅಂತ ಆಗ ಗೊತ್ತಾಯಿತು. ಮನೆಗೆ ತೋಳು ಇರಲ್ಲ ಅಲ್ವಾ? ಈಗ ಎರಡೂ ಕೈ ಚಾಚಿಸಿ, ಮಣಿಕಟ್ಟಿನಿಂದ ಮಣಿಕಟ್ಟಿಗೆ ಟೇಪ್ ಹಿಡಿಯುತ್ತೇನೆ. ಬಟ್ಟೆಯೂ ತೆಳು, ಇಳಿಬೀಳುವಂಥದ್ದು. ಲೈನಿಂಗ್ ಹಾಕುವುದೇ ಇಲ್ಲ, ನಮ್ಮ ಸೆಕೆಗೆ ಅದು ಬೇಡ.

ಸ್ಟೋಲ್, ಅಂದರೆ ಗುರುಗಳು ಕತ್ತಿಗೆ ಹಾಕಿಕೊಳ್ಳುವ ಉದ್ದ ಪಟ್ಟಿ, ಸುಲಭ ಅಂದುಕೊಳ್ಳಬೇಡಿ. ಒಂದೇ ನೇರ ಪಟ್ಟಿ ಹೊಲಿದರೆ ಕತ್ತಿನ ಹಿಂದೆ ಉಬ್ಬಿ ನಿಲ್ಲುತ್ತದೆ. ಎರಡು ಪಟ್ಟಿ ಮಾಡಿ, ಕತ್ತಿನ ನಡುವೆ ಸ್ವಲ್ಪ ಓರೆಯಾಗಿ ಸೇರಿಸಬೇಕು. ಆ ಜೋಡಣೆಯ ಮೇಲೆ ಪುಟ್ಟ ಶಿಲುಬೆ ಬರುತ್ತದೆ. ಹಾಕಿಕೊಳ್ಳುವ ಮುಂಚೆ ಗುರುಗಳು ಮುತ್ತಿಡುವುದು ಅಲ್ಲೇ. ಹಾಗಾಗಿ ಅಲ್ಲಿ ಜರಿ ಬಳಸಲ್ಲ, ಚುಚ್ಚುತ್ತದೆ. ಬೆವರು ಹೀರಲು ಬಿಳಿ ಹತ್ತಿ ಪಟ್ಟಿಯೊಂದನ್ನು ಸಡಿಲವಾಗಿ ಕೈಯಲ್ಲೇ ಹೊಲಿಯುತ್ತೇನೆ. ವಾರಕ್ಕೊಮ್ಮೆ ಬಿಚ್ಚಿ ಒಗೆಯಬಹುದು. ಗುರುಗಳಿಗಿಂತ ಒಂದು ಹಂತ ಕೆಳಗಿನ ಡೀಕನ್‌ಗಳ ಸ್ಟೋಲ್ ಬೇರೆ: ಎಡ ಭುಜದಿಂದ ಅಡ್ಡಲಾಗಿ ಬಲ ಸೊಂಟಕ್ಕೆ. ಅಲ್ಲಿ ಒಂದು ಕೊಂಡಿ ಇಟ್ಟರೆ ಜಾರಲ್ಲ.

ಬಣ್ಣದಲ್ಲಿ ಕೆಂಪು ನನಗೆ ತುಂಬಾ ಇಷ್ಟ. ಗರಿಗಳ ಭಾನುವಾರ, ಶುಭ ಶುಕ್ರವಾರ, ರಕ್ತಸಾಕ್ಷಿಗಳ ಹಬ್ಬ, ಎಲ್ಲಕ್ಕೂ ಅದೇ. ಈಗ ಮೆಷಿನ್ ಮೇಲೆ ಇರುವುದೂ ಒಂದು ಕೆಂಪು ಚಾಸುಬಲ್. ಅಂಚು ಮಡಚುವ ಮುಂಚೆ ಫಾದರ್ ಅವರನ್ನು ಕರೆದು, ಇನ್ನೊಮ್ಮೆ ಕೈ ಚಾಚಿಸಿ ನೋಡಬೇಕು.