ಮಗುವನ್ನೂ ಕರ್ಕೊಂಡು ಬಾ: ದಕ್ಷಿಣ ಸುಡಾನಿನಲ್ಲಿ ನನ್ನ ಅನುಭವ

ಯುದ್ಧ ಕಂಡ ದೇಶದಲ್ಲಿ ಹುಡುಗಿಯರ ಶಿಕ್ಷಣದ ಕೆಲಸ ಮಾಡಿದ್ದೆ ಅಂದ ತಕ್ಷಣ ಎಲ್ಲರೂ ಕೇಳುವುದು, ಎಷ್ಟು ಶಾಲೆ ಕಟ್ಟಿಸಿದಿರಿ ಅಂತ. ಒಂದೂ ಇಲ್ಲ. ದಕ್ಷಿಣ ಸುಡಾನಿನಲ್ಲಿ ನನ್ನ ಕೆಲಸ ಇದ್ದದ್ದು ಅರ್ಧಕ್ಕೆ ಓದು ಬಿಟ್ಟ ದೊಡ್ಡ ಹುಡುಗಿಯರಿಗೆ ತರಗತಿ ನಡೆಸುವುದು. ಅಲ್ಲಿ ಅದನ್ನು ವೇಗದ ಕಲಿಕೆಯ ಕಾರ್ಯಕ್ರಮ, ಚಿಕ್ಕದಾಗಿ ಎಎಲ್‌ಪಿ ಅಂತಾರೆ. ಎಂಟು ವರ್ಷದ ಪ್ರಾಥಮಿಕ ಪಾಠವನ್ನು ನಾಲ್ಕು ವರ್ಷದಲ್ಲಿ ಮುಗಿಸಬೇಕು, ಕೊನೆಗೆ ಉಳಿದ ಮಕ್ಕಳು ಬರೆಯುವ ಪಿ8, ಅಂದರೆ ಪ್ರಾಥಮಿಕ ಎಂಟನೇ ತರಗತಿಯ ಪರೀಕ್ಷೆಯನ್ನೇ ಇವರೂ ಬರೆಯಬೇಕು.

2011ರಲ್ಲಿ ದೇಶ ಹುಟ್ಟಿತು. 2013ರ ಡಿಸೆಂಬರಿನಲ್ಲಿ ಒಳಜಗಳ ಯುದ್ಧವಾಯಿತು. 2016ರಲ್ಲಿ ರಾಜಧಾನಿ ಜೂಬಾದಲ್ಲೇ ಮತ್ತೆ ಗುಂಡು ಹಾರಿತು, ಶಾಂತಿ ಒಪ್ಪಂದ ಆಗುವಷ್ಟರಲ್ಲಿ 2018. ಪಿ3ರಲ್ಲೋ ಪಿ4ರಲ್ಲೋ ಇದ್ದ ಹುಡುಗಿ ಮನೆಯವರ ಜೊತೆ ಓಡಿಹೋಗಿ, ಯಾವುದೋ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಇದ್ದು, ಊರಿಗೆ ವಾಪಸ್ ಬರುವಾಗ ವಯಸ್ಸು ಹದಿನಾರೋ ಹದಿನೇಳೋ, ಕಂಕುಳಲ್ಲೊಂದು ಮಗು. ಅವಳನ್ನು ಒಯ್ದು ಪಿ4ರ ಪುಟ್ಟ ಮಕ್ಕಳ ಸಾಲಿನಲ್ಲಿ ಕೂರಿಸಿದರೆ ಎರಡನೇ ದಿನ ಬರುವುದಿಲ್ಲ. ಯಾರಾದರೂ ಬರ್ತಾರಾ ಹೇಳಿ.

ಮೊದಲು ಕೈಹಾಕಿದ್ದು ವೇಳಾಪಟ್ಟಿಗೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದು ಅನ್ನುವುದು ಶಾಲೆಗಳ ಮಾಮೂಲಿ ಲೆಕ್ಕ. ಅದು ಯಾರ ದಿನಕ್ಕೆ ಹೊಂದುತ್ತೆ ಅಂತ ಯಾರೂ ಕೇಳಿರಲಿಲ್ಲ. ಊರಿನ ಒಬ್ಬ ಹೆಂಗಸನ್ನು ಜೊತೆಗೆ ಕೂರಿಸಿಕೊಂಡು, ನೆಲದ ಮೇಲೆ ಕೋಲಿನಿಂದ ಉದ್ದ ಗೆರೆ ಎಳೆದೆವು. ಈ ತುದಿ ನಸುಕು, ಆ ತುದಿ ರಾತ್ರಿ. ಒಂದೊಂದು ಕೆಲಸಕ್ಕೆ ಒಂದೊಂದು ಕಲ್ಲು ಇಡಿ ಅಂತ ಹುಡುಗಿಯರಿಗೆ ಹೇಳಿದೆವು. ನೀರಿಗೆ ಕಲ್ಲು, ಜೋಳ ಕುಟ್ಟುವುದಕ್ಕೆ ಕಲ್ಲು, ಸೌದೆಗೆ, ಸಂತೆಯಲ್ಲಿ ಚಹಾ ಮಾರುವುದಕ್ಕೆ. ಒಬ್ಬಳು ನೀರಿಗೆ ಒಂದು ಕಲ್ಲಿಟ್ಟು, ಯೋಚಿಸಿ, ಪಕ್ಕದಲ್ಲೇ ಇನ್ನೆರಡು ಇಟ್ಟಳು. ಬೋರ್‌ವೆಲ್ ಹತ್ತಿರ ಸಾಲು ಅಷ್ಟು ಉದ್ದ ಅಂತೆ. ಬೆಳಗಿನ ಹೊತ್ತು ಗೆರೆ ಕಾಣದಷ್ಟು ಕಲ್ಲು ತುಂಬಿತು. ಮಧ್ಯಾಹ್ನ ಎರಡರಿಂದ ಐದರ ನಡುವೆ ಮಾತ್ರ ನೆಲ ಖಾಲಿ. ಅದೇ ನಮ್ಮ ಶಾಲೆಯ ಹೊತ್ತಾಯಿತು. ಮಳೆಗಾಲದಲ್ಲಿ ಅದನ್ನೂ ಬದಲಿಸುತ್ತಿದ್ದೆವು. ಅಲ್ಲಿನ ಎರೆಮಣ್ಣು ನೆನೆದರೆ ಗಾಡಿ ಇರಲಿ, ಕಾಲೂ ಮೇಲೇಳುವುದಿಲ್ಲ.

ಇನ್ನು ಮಕ್ಕಳ ವಿಷಯ. ಬಸುರಿ ಅಂತಲೋ ಬಾಣಂತಿ ಅಂತಲೋ ಹುಡುಗಿಯನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತ ಆ ದೇಶದ 2012ರ ಶಿಕ್ಷಣ ಕಾಯ್ದೆಯೇ ಹೇಳುತ್ತದೆ. ಆದರೆ ಮಗು ಅತ್ತರೆ ಏನು ಮಾಡಬೇಕು ಅಂತ ಕಾಯ್ದೆಯಲ್ಲಿಲ್ಲ ಅಲ್ವಾ. ತರಗತಿಯ ಪಕ್ಕದ ಬೇವಿನ ಮರದ ಕೆಳಗೆ ಚಾಪೆ ಹಾಸಿ, ವಯಸ್ಸಾದ ಇಬ್ಬರು ಹೆಂಗಸರಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟೆವು, ಸಂಬಳಕ್ಕೆ. ತರಗತಿಯಿಂದ ಚಾಪೆ ಕಾಣಬೇಕು. ಕಾಣದಿದ್ದರೆ ತಾಯಿಯ ಗಮನವೆಲ್ಲ ಹೊರಗೇ. ನಡುವೆ ಹಾಲೂಡಿಸಲು ಬಿಡುವು. ದುಡ್ಡು ಕೊಡುವವರು ಬಜೆಟ್ ನೋಡಿ, ಶಿಕ್ಷಣದ ಖರ್ಚಿನಲ್ಲಿ ಇದೇನು ಆಯಾಗಳ ಸಂಬಳ ಅಂತ ತಕರಾರು ತೆಗೆದರು. ಯಾರೂ ತೆರೆಯದ ಪುಸ್ತಕಕ್ಕಿಂತ ಇದು ಅಗ್ಗ ಅಂತ ಬರೆದು ಕಳಿಸಿದೆ. ಸ್ವಲ್ಪ ಖಾರವಾಗಿಯೇ ಬರೆದೆ, ಒಪ್ಪಿದರು.

ಸಾಮಾನಿನ ತಾಪತ್ರಯ ಅಷ್ಟಿಲ್ಲ. ಯುನಿಸೆಫ್‌ನವರ ಪೆಟ್ಟಿಗೆ ಬರುತ್ತದೆ, 40 ಮಕ್ಕಳಿಗೆ ಆಗುವಷ್ಟು ನೋಟ್‌ಬುಕ್ಕು, ಪೆನ್ಸಿಲ್ಲು, ಸೀಮೆಸುಣ್ಣ ಎಲ್ಲ ಅದರಲ್ಲೇ. ಪೆಟ್ಟಿಗೆಯ ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಬೋರ್ಡು.

ಕಷ್ಟ ಇರುವುದು ಟೀಚರುಗಳದ್ದು. ಸರ್ಕಾರದ ಸಂಬಳ ತಿಂಗಳುಗಟ್ಟಲೆ ಬರುವುದಿಲ್ಲ. 2017ರಲ್ಲಿ ಯುರೋಪಿಯನ್ ಒಕ್ಕೂಟ ಪ್ರಾಥಮಿಕ ಶಾಲೆಯ ಟೀಚರುಗಳಿಗೆ ತಿಂಗಳಿಗೆ 40 ಡಾಲರ್ ಕೊಡಲು ಶುರುಮಾಡಿತು. ಅಷ್ಟಕ್ಕೇ ಎಷ್ಟೋ ಜನ ಮತ್ತೆ ಪಾಠಕ್ಕೆ ಬಂದರು ಅಂದರೆ ಪರಿಸ್ಥಿತಿ ಊಹಿಸಿ. ಅದರಲ್ಲೂ ಹೆಂಗಸರು ತೀರಾ ಕಡಿಮೆ. ಓದಿದ ಹೆಣ್ಣುಮಕ್ಕಳೇ ಇಲ್ಲದ ಕಡೆ ಟೀಚರಮ್ಮ ಎಲ್ಲಿಂದ ಬರಬೇಕು? ಹಾಗಾಗಿ ಪಾಠಕ್ಕೆ ಗಂಡಸು ಇದ್ದರೂ ಪ್ರತಿ ತರಗತಿಗೆ ಅದೇ ಊರಿನ ಒಬ್ಬ ಹೆಂಗಸನ್ನು ಸಹಾಯಕಿಯಾಗಿ ಇಟ್ಟೆವು. ಪಿ8 ಆಗಿದ್ದರೆ ಸಾಕು. ಹಾಜರಿ ಪುಸ್ತಕ ಅವಳ ಕೈಯಲ್ಲಿ. ಯಾವಳಾದರೂ ಸತತ ಮೂರು ದಿನ ಬರದಿದ್ದರೆ ಮನೆಗೆ ಹೋಗುವವಳೂ ಅವಳೇ. ಮುಟ್ಟಿನ ಬಟ್ಟೆ, ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ ಅನ್ನುವ ದೂರು, ಗಂಡನ ಹೊಡೆತ, ಇವೆಲ್ಲ ನನ್ನ ಕಿವಿಗೆ ಬಿದ್ದದ್ದು ಅವಳಿಂದಲೇ. ಒಂದೇ ಒಂದು ಕೆಲಸಕ್ಕೆ ಮಾತ್ರ ದುಡ್ಡಿದೆ ಅಂತ ಯಾರಾದರೂ ನನ್ನನ್ನು ಕೇಳಿದರೆ, ಈ ಸಹಾಯಕಿಯ ಸಂಬಳಕ್ಕೆ ಹಾಕಿ ಅನ್ನುತ್ತೇನೆ.

ಅಪ್ಪಂದಿರನ್ನು ಒಪ್ಪಿಸುವ ಬಗ್ಗೆ ತುಂಬಾ ಜನ ಉಪದೇಶ ಮಾಡುತ್ತಾರೆ. ಅಲ್ಲಿ ಮಗಳ ಮದುವೆಗೆ ಗಂಡಿನ ಕಡೆಯವರು ದನ ಕೊಡುತ್ತಾರೆ. ಆ ದನದಿಂದಲೇ ಅಣ್ಣನಿಗೆ ಹೆಣ್ಣು ತರುವುದು. ಇಡೀ ಮನೆಯ ಲೆಕ್ಕ ಅದರ ಮೇಲೆ ನಿಂತಿರುವಾಗ, ಓದಿದರೆ ಮಗಳಿಗೆ ಕೆಲಸ ಸಿಗುತ್ತೆ ಅಂದರೆ ನಗುತ್ತಾರೆ, ಯಾವ ಕೆಲಸ ತೋರಿಸಿ ಅನ್ನುತ್ತಾರೆ. ಬ್ರಿಟನ್ನಿನ ದುಡ್ಡಿನಲ್ಲಿ ನಡೆದ ಜಿಇಎಸ್ಎಸ್ ಅನ್ನುವ ಹೆಣ್ಣುಮಕ್ಕಳ ಶಿಕ್ಷಣದ ಯೋಜನೆ ಹಾಜರಾದ ಹುಡುಗಿಯರ ಕೈಗೇ ನಗದು ಕೊಡುತ್ತಿತ್ತು. ಅದರಿಂದ ಸೋಪು, ನೋಟ್‌ಬುಕ್ಕು, ಚಪ್ಪಲಿ ಬರುತ್ತಿತ್ತು, ಹಾಜರಿಯೂ ಏರುತ್ತಿತ್ತು. ಮಾತುಕತೆ ಮುಗಿದ ಮದುವೆಯನ್ನು ಅದು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನಮಗೆ ಜಾಸ್ತಿ ನೆರವಾದದ್ದು ಅತ್ತೆಯರು. ಸೊಸೆ ಮಾತ್ರೆಯ ಚೀಟಿ ಓದುತ್ತಾಳೆ, ಚಿಲ್ಲರೆಯಲ್ಲಿ ಮೋಸಹೋಗುವುದಿಲ್ಲ ಅಂತ ಅವರಿಗೆ ಗೊತ್ತಾದ ಮೇಲೆ ಮಗನ ಹತ್ತಿರ ಅವರೇ ವಾದಕ್ಕಿಳಿದರು.

2023ರ ಏಪ್ರಿಲ್‌ನಲ್ಲಿ ಪಕ್ಕದ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡ ಮೇಲೆ ರೆಂಕ್ ಗಡಿಯಿಂದ ಜನ ಹರಿದು ಬಂದರು. ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಅರಬ್ಬಿಯಲ್ಲಿ ಓದಿದ ಹುಡುಗಿಯರು. ಇಲ್ಲಿ ಪಾಠ ಇಂಗ್ಲಿಷಿನಲ್ಲಿ. ಭಿನ್ನರಾಶಿ ನೀರು ಕುಡಿದಂತೆ ಬಿಡಿಸುವವಳು ಇಂಗ್ಲಿಷ್ ಬರುವುದಿಲ್ಲ ಅಂತ ಮೊದಲ ಹಂತದಲ್ಲಿ ಎಬಿಸಿಡಿ ತಿದ್ದುತ್ತಾ ಕೂತಿದ್ದಳು. ಆಮೇಲೆ ಸೇರಿಸಿಕೊಳ್ಳುವ ಪರೀಕ್ಷೆಯನ್ನು ಅರಬ್ಬಿಯಲ್ಲಿ, ಬಾಯಿಮಾತಲ್ಲಿ ಮಾಡಿದೆವು. ಗಣಿತಕ್ಕೆ ಒಂದು ಹಂತ, ಇಂಗ್ಲಿಷಿಗೆ ಇನ್ನೊಂದು. ರಿಜಿಸ್ಟರಿನಲ್ಲಿ ಇದನ್ನು ತೋರಿಸುವುದು ತಲೆನೋವು, ಆದರೂ ಬಿಡಲಿಲ್ಲ.

ಪಿ8 ಪರೀಕ್ಷೆಗೆ ಮಾತ್ರ ತಿಂಗಳುಗಳ ಮೊದಲೇ ತಯಾರಿ ಬೇಕು. ಕೇಂದ್ರ ದೂರ ಇರುತ್ತೆ. ಉಳಿಯಲು ಚರ್ಚಿನ ಆವರಣದಲ್ಲಿ ಜಾಗ ಕೇಳಿಕೊಂಡು, ಮಗು ನೋಡಿಕೊಳ್ಳುವ ಅಜ್ಜಿಯನ್ನೂ ಗಾಡಿಯಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದೆವು. ಪಾಸಾದವರಿಗೆ ಮುಂದೆ ಸೆಕೆಂಡರಿ ಶಾಲೆ ಬೇಕು. ಅದು ಇನ್ನೂ ದೂರ, ಹಾಸ್ಟೆಲ್ ಇದ್ದರೆ ಮಗುವಿಗೆ ಪ್ರವೇಶವಿಲ್ಲ. ಆ ಊರಲ್ಲೇ ಬಾಡಿಗೆಗೆ ಮನೆ ಹಿಡಿದು ನಾಲ್ಕೈದು ತಾಯಂದಿರನ್ನು ಒಟ್ಟಿಗೆ ಇಡೋಣ ಅನ್ನುವುದು ನಮ್ಮ ತಂಡದ ಯೋಚನೆ. ಬಜೆಟ್‌ನವರ ಜೊತೆ ಅದರ ಜಗಳ ಇನ್ನೂ ಮುಗಿದಿಲ್ಲ.